ಜನನ-ಮರಣ ನೋಂದಣಿ: ಕಾಯಿದೆ ಹೇಳುವುದೇನು, ನಾವು ಮಾಡಬೇಕಾದುದೇನು?



ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲ ಬಳಿ ಒಂದು ಪ್ರಕಟಣೆಯನ್ನು ನೀವು ನೋಡಿರಬಹುದು. "ಜನನ ಮತ್ತು ಮರಣವನ್ನು 21 ದಿನಗಳೊಳಗಾಗಿ ಕಡ್ಡಾಯವಾಗಿ ನೋಂದಾಯಿಸತಕ್ಕದ್ದು" ಎಂಬುದು ಅದರ ಸಾರ. ನೋಡಿದವರಲ್ಲಿ ಹಲವರು ಓದದೆ ಮುಂದೆ ಹೋಗುತ್ತಾರೆ. ಓದಿದವರಲ್ಲಿಯೂ ಕೆಲವರಿಗೆ ಸಂದೇಹಗಳು ಉಳಿಯುತ್ತವೆ. ಯಾರು ತಿಳಿಸಬೇಕು? ಎಲ್ಲಿ ತಿಳಿಸಬೇಕು? ಮಗುವಿಗೆ ಹೆಸರಿಡುವ ಮುನ್ನ ತಿಳಿಸಬಹುದೇ? 21 ದಿನ ಕಳೆದುಹೋದರೆ ಗತಿಯೇನು? ಈ ಪ್ರಶ್ನೆಗಳಿಗೆ ಕಾಯಿದೆ ಕೊಡುವ ಉತ್ತರವನ್ನು ಸರಳವಾಗಿ ತಿಳಿಸುವುದೇ ಈ ಪಾಠದ ಉದ್ದೇಶ. ಗಂಡ-ಹೆಂಡಿರಿಬ್ಬರೂ ಒಟ್ಟಿಗೆ ಕುಳಿತು ಇದನ್ನು ಓದಿದರೆ ಒಳ್ಳೆಯದು. ಒಬ್ಬರಿಗೆ ಓದು ಬಾರದಿದ್ದರೆ ಇನ್ನೊಬ್ಬರು ಓದಿ ಹೇಳಲಿ.

ಕಾಯಿದೆ ಯಾವುದು?

ನಮ್ಮ ದೇಶದಲ್ಲಿ ಜನನ ಮರಣಗಳನ್ನು ಬರೆದಿಡುವ ಪದ್ಧತಿ ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿಯೇ, 1886ರಲ್ಲಿ, ಇದಕ್ಕಾಗಿ ಒಂದು ಕಾಯಿದೆ ಬಂದಿತ್ತು. ಆದರೆ ಆಗ ಎಲ್ಲ ಪ್ರಾಂತಗಳಲ್ಲಿಯೂ ಒಂದೇ ರೀತಿಯ ನಿಯಮವಿರಲಿಲ್ಲ. ಸ್ವಾತಂತ್ರ್ಯಾನಂತರ ಇಡೀ ದೇಶಕ್ಕೆ ಏಕರೂಪದ ವ್ಯವಸ್ಥೆ ಬೇಕೆಂದು ಸಂಸತ್ತು "ಜನನ ಮರಣ ನೋಂದಣಿ ಕಾಯಿದೆ, 1969" ಎಂಬುದನ್ನು ಅಂಗೀಕರಿಸಿತು. 1970ರ ಏಪ್ರಿಲ್ 1ರಿಂದ ಅದು ದೇಶದ ಹೆಚ್ಚಿನ ಭಾಗಗಳಲ್ಲಿ ಜಾರಿಗೆ ಬಂದಿತು. ಕಾಯಿದೆಯನ್ನು ಅನುಸರಿಸಿ ನಮ್ಮ ರಾಜ್ಯವು ತನ್ನದೇ ಆದ ನಿಯಮಗಳನ್ನು ರಚಿಸಿಕೊಂಡಿದೆ. 2023ರಲ್ಲಿ ಸಂಸತ್ತು ಈ ಕಾಯಿದೆಗೆ ಮುಖ್ಯವಾದ ತಿದ್ದುಪಡಿಗಳನ್ನು ಮಾಡಿತು. ಆ ತಿದ್ದುಪಡಿಗಳು ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಯಲ್ಲಿವೆ.

ರಾಜ್ಯಕ್ಕೆ ಒಬ್ಬ ಮುಖ್ಯ ನೋಂದಣಾಧಿಕಾರಿಯೂ ಜಿಲ್ಲೆಗೆ ಒಬ್ಬ ಜಿಲ್ಲಾ ನೋಂದಣಾಧಿಕಾರಿಯೂ ಇರುತ್ತಾರೆ. ಕರ್ನಾಟಕದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರೇ ಮುಖ್ಯ ನೋಂದಣಾಧಿಕಾರಿಗಳು. ಇವರ ಕೈಕೆಳಗೆ ಊರು ಊರಿಗೆ ನೋಂದಣಾಧಿಕಾರಿಗಳು ಇರುತ್ತಾರೆ. ನಿಮಗೆ ಬೇಕಾಗುವವರು ಈ ಕೊನೆಯವರು. ಹಳ್ಳಿಗಳಲ್ಲಿ ಬಹುಕಾಲದಿಂದ ಗ್ರಾಮ ಲೆಕ್ಕಿಗರು ಈ ಹೊಣೆಯನ್ನು ಹೊತ್ತು ಬಂದವರು. ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಅಲ್ಲಿನ ವೈದ್ಯಾಧಿಕಾರಿಗಳಿಗೂ ಈ ಅಧಿಕಾರವಿದೆ. ನಿಮ್ಮ ಊರಿನ ಮಟ್ಟಿಗೆ ನೋಂದಣಾಧಿಕಾರಿ ಯಾರು, ಅವರು ಯಾವ ದಿನ ಎಲ್ಲಿ ದೊರೆಯುತ್ತಾರೆ ಎಂಬುದನ್ನು ಆಶಾ ಕಾರ್ಯಕರ್ತೆಯಿಂದಲೋ ಗ್ರಾಮ ಪಂಚಾಯಿತಿ ಕಚೇರಿಯಿಂದಲೋ ಈಗಲೇ ಕೇಳಿ ತಿಳಿದಿರಿ. ಹೆರಿಗೆಯಾದ ಮೇಲೆ ಹುಡುಕಾಡುವುದಕ್ಕಿಂತ ಮೊದಲೇ ತಿಳಿದಿರುವುದು ಲೇಸು.

ನೋಂದಣಿ ಏಕೆ ಬೇಕು?

"ಮಗು ಹುಟ್ಟಿದ್ದು ಊರಿಗೆಲ್ಲ ಗೊತ್ತು, ಬರೆಸುವ ಗೋಜು ಏಕೆ?" ಎಂದು ಹಿರಿಯರು ಕೇಳುವುದುಂಟು. ಊರಿಗೆ ಗೊತ್ತಿರುವುದು ನಿಜ. ಆದರೆ ಹದಿನೈದು ವರ್ಷಗಳ ನಂತರ ಮಗು ಹುಟ್ಟಿದ ದಿನಾಂಕವನ್ನು ಖಚಿತವಾಗಿ ಹೇಳಬಲ್ಲವರು ಊರಿನಲ್ಲಿ ಎಷ್ಟು ಜನ ಸಿಗುತ್ತಾರೆ? "ಆ ವರ್ಷ ಕೆರೆ ಕೋಡಿ ಬಿದ್ದಿತ್ತು", "ಜಾತ್ರೆಯ ಮಾರನೆಯ ವಾರ" ಎಂಬ ನೆನಪುಗಳಿಂದ ದಿನಾಂಕ ಸಿಗುವುದಿಲ್ಲ. ಶಾಲೆಗೆ ಸೇರಿಸುವಾಗ ಅಂದಾಜಿನಿಂದ ಬರೆಸಿದ ದಿನಾಂಕವೇ ಮುಂದೆ ಜೀವನಪರ್ಯಂತ ಬೆನ್ನಿಗೆ ಬರುತ್ತದೆ. ಆಧಾರ್ ಚೀಟಿಯಲ್ಲಿ ಒಂದು ದಿನಾಂಕ, ಶಾಲೆಯ ವರ್ಗಾವಣೆ ಪತ್ರದಲ್ಲಿ ಇನ್ನೊಂದು, ಮತದಾರರ ಚೀಟಿಯಲ್ಲಿ ಮತ್ತೊಂದು ಇದ್ದರೆ ಅವುಗಳನ್ನು ಒಂದುಗೂಡಿಸಲು ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

2023ರ ತಿದ್ದುಪಡಿಯ ನಂತರ ಜನನ ಪ್ರಮಾಣಪತ್ರದ ಬೆಲೆ ಮತ್ತಷ್ಟು ಹೆಚ್ಚಿದೆ. 2023ರ ಅಕ್ಟೋಬರ್ 1ರಂದು ಅಥವಾ ಆ ಬಳಿಕ ಹುಟ್ಟಿದವರ ಜನ್ಮ ದಿನಾಂಕ ಮತ್ತು ಜನ್ಮಸ್ಥಳವನ್ನು ರುಜುವಾತುಪಡಿಸಲು ಈ ಪತ್ರವೇ ಆಧಾರ. ವಿದ್ಯಾಸಂಸ್ಥೆಗೆ ಸೇರುವಾಗ, ಚಾಲನಾ ಪರವಾನಗಿ ಪಡೆಯುವಾಗ, ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸುವಾಗ, ಮದುವೆಯನ್ನು ನೋಂದಾಯಿಸುವಾಗ, ಸರ್ಕಾರಿ ಕೆಲಸಕ್ಕೆ ನೇಮಕವಾಗುವಾಗ, ಪಾಸ್‌ಪೋರ್ಟ್ ಮತ್ತು ಆಧಾರ್ ಪಡೆಯುವಾಗ ಇದು ಬೇಕಾಗುತ್ತದೆ. ನಿಮ್ಮ ಮಡಿಲಲ್ಲಿ ಇಂದು ಮಲಗಿರುವ ಕೂಸು ಈ ನಿಯಮಕ್ಕೆ ಒಳಪಟ್ಟಿದೆ ಎಂಬುದನ್ನು ಮರೆಯಬೇಡಿ. ಪತ್ರವಿಲ್ಲವೆಂಬ ಒಂದೇ ಕಾರಣದಿಂದ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಾಲೆಯ ಪ್ರವೇಶವನ್ನು ನಿರಾಕರಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಆದರೆ ಅದು ಶಾಲೆಯ ಬಾಗಿಲನ್ನು ತೆರೆಸುವ ರಕ್ಷಣೆ ಮಾತ್ರ. ಮುಂದಿನ ಬಾಗಿಲುಗಳಿಗೆ ಪತ್ರ ಬೇಕೇ ಬೇಕು.

ಹೆಣ್ಣುಮಗುವಿನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬುವ ಮುನ್ನ ಮದುವೆ ಮಾಡಬಾರದೆಂಬುದು 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಆಜ್ಞೆ. ಕರ್ನಾಟಕವು ಈ ಕಾಯಿದೆಗೆ ತಿದ್ದುಪಡಿ ತಂದು, ಅಂಥ ಮದುವೆ ಮೊದಲಿನಿಂದಲೇ ಅಸಿಂಧುವೆಂದು ಸಾರಿದೆ. ಎಳೆಯ ಹುಡುಗಿಯ ಮದುವೆಗೆ ಒತ್ತಾಯ ಬಂದಾಗ "ಅವಳಿಗೆ ಹದಿನೆಂಟು ಆಗಿದೆ" ಎಂದು ಒಬ್ಬರು, "ಇಲ್ಲ" ಎಂದು ಇನ್ನೊಬ್ಬರು ವಾದಿಸಿದರೆ ನಿಜವನ್ನು ನಿರ್ಧರಿಸುವುದು ಹೇಗೆ? ಅವಳು ಹುಟ್ಟಿದ ವಾರದಲ್ಲಿ ಬರೆಸಿದ ಒಂದು ಸಾಲು ಅವಳ ಪರವಾಗಿ ಮಾತಾಡುತ್ತದೆ. ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯುವುದಕ್ಕೂ ಜನನ ಪ್ರಮಾಣಪತ್ರ ಬೇಕು. ಆ ಖಾತೆಯನ್ನು ಮಗಳಿಗೆ ಹತ್ತು ವರ್ಷ ತುಂಬುವುದರೊಳಗೆ ತೆರೆಯಬೇಕು.

ಯಾರು ತಿಳಿಸಬೇಕು?

ಕಾಯಿದೆ ಇದನ್ನು ಸ್ಪಷ್ಟವಾಗಿ ಹಂಚಿಕೊಟ್ಟಿದೆ.

1. ಹೆರಿಗೆ ಆಸ್ಪತ್ರೆಯಲ್ಲಿ, ಆರೋಗ್ಯ ಕೇಂದ್ರದಲ್ಲಿ ಅಥವಾ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಆದರೆ, ಅಲ್ಲಿನ ಮುಖ್ಯ ವೈದ್ಯಾಧಿಕಾರಿ ಅಥವಾ ಅವರು ನೇಮಿಸಿದವರು ನೋಂದಣಾಧಿಕಾರಿಗೆ ವರದಿ ಕಳುಹಿಸಬೇಕು. ಇದು ಅವರ ಕರ್ತವ್ಯ. ನಿಮ್ಮ ಕರ್ತವ್ಯವೆಂದರೆ ಅವರು ಕೇಳುವ ವಿವರಗಳನ್ನು ಸರಿಯಾಗಿ ಕೊಡುವುದು.

2. ಹೆರಿಗೆ ಮನೆಯಲ್ಲಿ ಆದರೆ ಮನೆಯ ಯಜಮಾನರು ತಿಳಿಸಬೇಕು. ಅವರು ಊರಿನಲ್ಲಿಲ್ಲದಿದ್ದರೆ ಮನೆಯಲ್ಲಿರುವ ಅವರ ಹತ್ತಿರದ ಬಂಧು, ಆ ಬಂಧುವೂ ಇಲ್ಲದಿದ್ದರೆ ಮನೆಯಲ್ಲಿರುವ ಹಿರಿಯ ವಯಸ್ಕರು ತಿಳಿಸಬೇಕು. ಹೀಗೆ ತಿಳಿಸುವವರನ್ನು ಕಚೇರಿಯ ಭಾಷೆಯಲ್ಲಿ "ಮಾಹಿತಿದಾರ" ಎನ್ನುತ್ತಾರೆ. ಹೆರಿಗೆ ಮಾಡಿಸಿದ ಸೂಲಗಿತ್ತಿ ಅಥವಾ ದಾದಿಯೂ ಸುದ್ದಿಯನ್ನು ನೋಂದಣಾಧಿಕಾರಿಗೆ ಮುಟ್ಟಿಸಬೇಕಾಗುತ್ತದೆ. ಆದರೆ ಅದರಿಂದ ಮನೆಯವರ ಹೊಣೆ ತಪ್ಪುವುದಿಲ್ಲ.

3. ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲಿಯೇ, ಆಂಬುಲೆನ್ಸ್‌ನಲ್ಲಿಯೋ ಬಸ್ಸಿನಲ್ಲಿಯೋ ಹೆರಿಗೆಯಾದರೆ, ಆ ವಾಹನದ ಹೊಣೆ ಹೊತ್ತವರು ಅದು ಮೊದಲು ನಿಲ್ಲುವ ಸ್ಥಳದಲ್ಲಿ ತಿಳಿಸಬೇಕು.

4. ತಾಯಿಯೊಬ್ಬಳೇ ಮಗುವನ್ನು ಸಾಕುತ್ತಿದ್ದರೆ, ಮದುವೆಯಾಗದೆ ತಾಯಿಯಾದವಳಾಗಿದ್ದರೆ, ಅವಳೇ ಮಾಹಿತಿ ಕೊಡಬಹುದು. 2023ರ ತಿದ್ದುಪಡಿ ಇದನ್ನು ಬಾಯಿಬಿಟ್ಟು ಹೇಳಿದೆ. ಅಂಥ ತಾಯಿ ಜನನ ಪ್ರಮಾಣಪತ್ರ ಕೇಳಿದಾಗ ತಂದೆಯ ಹೆಸರಿಲ್ಲವೆಂದು ನಿರಾಕರಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿಯೇ ತೀರ್ಪು ನೀಡಿತ್ತು. ಮಗುವಿನ ಹಕ್ಕಿಗೂ ಹಿರಿಯರ ಬದುಕಿನ ಕಥೆಗೂ ಸಂಬಂಧವಿಲ್ಲ.

ಎಲ್ಲಿ ತಿಳಿಸಬೇಕು?

ಬಹಳ ಜನ ತಪ್ಪುವುದು ಇಲ್ಲಿಯೇ. ಕಾಯಿದೆಯ ಮಾತು ಇಷ್ಟೇ: ಜನನವಾಗಲಿ ಮರಣವಾಗಲಿ, ಅದು ಎಲ್ಲಿ ಜರುಗಿತೋ ಅಲ್ಲಿಯೇ ನೋಂದಣಿಯಾಗಬೇಕು.

ನಮ್ಮ ನಾಡಿನಲ್ಲಿ ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವ ವಾಡಿಕೆಯಿದೆ. ಗಂಡನ ಊರು ಹಾವೇರಿ ಜಿಲ್ಲೆಯಲ್ಲಿ, ತವರು ದಾವಣಗೆರೆ ಜಿಲ್ಲೆಯಲ್ಲಿ ಇದೆಯೆಂದು ಇಟ್ಟುಕೊಳ್ಳಿ. ಹೆರಿಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಆಯಿತು. ಮೂರು ತಿಂಗಳು ಕಳೆದು ಬಾಣಂತಿ ಮಗುವಿನೊಡನೆ ಗಂಡನ ಮನೆಗೆ ಬರುತ್ತಾಳೆ. ಆಗ ಗಂಡನ ಮನೆಯವರು ತಮ್ಮೂರಿನ ಕಚೇರಿಗೆ ಹೋಗಿ "ನಮ್ಮ ಮೊಮ್ಮಗನನ್ನು ಬರೆದುಕೊಳ್ಳಿ" ಎಂದರೆ ಅಲ್ಲಿ ಬರೆದುಕೊಳ್ಳಲು ಬರುವುದಿಲ್ಲ. ನೋಂದಣಿ ಆಗಬೇಕಾದುದು ದಾವಣಗೆರೆಯಲ್ಲಿ. ತವರಿನವರು "ಅದು ಅಳಿಯನ ಮನೆಯ ಕೂಸು, ಅವರೇ ಬರೆಸಿಕೊಳ್ಳುತ್ತಾರೆ" ಎಂದುಕೊಳ್ಳುತ್ತಾರೆ. ಗಂಡನ ಮನೆಯವರು "ಹೆರಿಗೆ ಆದದ್ದು ಅಲ್ಲಿ, ಅವರೇ ಬರೆಸಿರುತ್ತಾರೆ" ಎಂದುಕೊಳ್ಳುತ್ತಾರೆ. ಈ ನಡುವೆ ಮಗುವಿನ ಹೆಸರು ಯಾವ ಪುಸ್ತಕದಲ್ಲಿಯೂ ಸೇರದೆ ಉಳಿಯುತ್ತದೆ.

ಆದುದರಿಂದ ಬೀಗರಿಬ್ಬರೂ ಸೀಮಂತದ ಸಮಯದಲ್ಲಿಯೇ ಈ ಮಾತನ್ನು ಆಡಿಕೊಳ್ಳುವುದು ಒಳ್ಳೆಯದು. ತಂದೆಯಾಗುವವನು ಮಗುವನ್ನು ನೋಡಲು ತವರಿಗೆ ಹೋದಾಗ, ಆಸ್ಪತ್ರೆಯಿಂದ ವರದಿ ಹೋಗಿದೆಯೇ ಎಂದು ತಾನೇ ವಿಚಾರಿಸಿ ಬರಲಿ. ವರದಿಯ ನಮೂನೆಯಲ್ಲಿ ತಾಯಿಯ ಖಾಯಂ ವಾಸಸ್ಥಳವನ್ನು ಬರೆಯುವ ಜಾಗವೂ ಇರುತ್ತದೆ. ಆದುದರಿಂದ ನೋಂದಣಿ ತವರಿನಲ್ಲಾದರೂ ಮಗು ಯಾವ ಊರಿನದೆಂಬ ವಿವರ ಕಳೆದುಹೋಗುವುದಿಲ್ಲ.

ಎಷ್ಟು ದಿನಗಳೊಳಗೆ ತಿಳಿಸಬೇಕು?

ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ. ಮಗು ಜೂನ್ 5ರಂದು ಹುಟ್ಟಿತೆನ್ನಿ.

ಜೂನ್ 26ರವರೆಗೆ, ಅಂದರೆ 21 ದಿನಗಳೊಳಗೆ ತಿಳಿಸಿದರೆ ಯಾವ ಶುಲ್ಕವೂ ಇಲ್ಲ. ಪ್ರಮಾಣಪತ್ರವನ್ನು ಮಾಹಿತಿದಾರರಿಗೆ ಉಚಿತವಾಗಿ ಕೊಡಬೇಕು. ನೋಂದಣಿಯಾದ ಏಳು ದಿನಗಳೊಳಗೆ ಕೊಡಬೇಕೆಂದು ತಿದ್ದುಪಡಿಯಾದ ಕಾಯಿದೆ ಹೇಳುತ್ತದೆ.

ಜೂನ್ 26 ದಾಟಿ ಜುಲೈ 5ರೊಳಗೆ, ಅಂದರೆ 30 ದಿನಗಳೊಳಗೆ ತಿಳಿಸಿದರೆ ಅಲ್ಪ ಪ್ರಮಾಣದ ವಿಳಂಬ ಶುಲ್ಕ ಕೊಡಬೇಕು. ನೋಂದಣಾಧಿಕಾರಿಯೇ ಬರೆದುಕೊಳ್ಳುತ್ತಾರೆ.

30 ದಿನ ಕಳೆದು ಒಂದು ವರ್ಷದೊಳಗೆ ತಿಳಿಸಿದರೆ ನಿಯಮದಲ್ಲಿ ಹೇಳಿರುವ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ಶುಲ್ಕದೊಡನೆ ನೀವೇ ದೃಢೀಕರಿಸಿ ಸಹಿ ಮಾಡಿದ ದಾಖಲೆಯನ್ನು ಕೊಡಬೇಕು. 2023ಕ್ಕೆ ಮುಂಚೆ ಇದಕ್ಕೆ ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರ ಬೇಕಾಗಿತ್ತು. ಈಗ ಆ ಖರ್ಚು ತಪ್ಪಿದೆ.

ಒಂದು ವರ್ಷ ಕಳೆದುಹೋದರೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಯಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆಜ್ಞೆ ಬೇಕು. ಮೊದಲು ಇದಕ್ಕಾಗಿ ನ್ಯಾಯಾಲಯದ ಮೊದಲ ದರ್ಜೆಯ ದಂಡಾಧಿಕಾರಿಯ ಬಳಿ ಹೋಗಬೇಕಾಗಿತ್ತು. ಮಗು ಹುಟ್ಟಿದ್ದು ನಿಜವೇ, ಹೇಳಿದ ದಿನಾಂಕ ಸರಿಯೇ ಎಂಬುದನ್ನು ಪರಿಶೀಲಿಸಿದ ನಂತರ ಆಜ್ಞೆ ಹೊರಡುತ್ತದೆ. ಅರ್ಜಿಯೊಡನೆ, ಈ ಹೆಸರಿನಲ್ಲಿ ನೋಂದಣಿ ಆಗಿಲ್ಲವೆಂಬ ಬರಹವನ್ನು ನೋಂದಣಾಧಿಕಾರಿಯಿಂದ ಪಡೆದು ಲಗತ್ತಿಸುವುದು ವಾಡಿಕೆ.

21 ದಿನಗಳೊಳಗೆ ಒಂದು ನಡೆಯಲ್ಲಿ ಮುಗಿಯುವ ಕೆಲಸ, ವರ್ಷ ಕಳೆದರೆ ಎಷ್ಟು ಓಡಾಟವಾಗುತ್ತದೆ ಎಂಬುದನ್ನು ನೀವೇ ಅಳೆದು ನೋಡಿ. ಬಸ್ಸಿನ ಖರ್ಚು, ಕೂಲಿಯ ನಷ್ಟ, ಹಳೆಯ ಕಾಗದಗಳ ಹುಡುಕಾಟ ಇವೆಲ್ಲವೂ ಅದರಲ್ಲಿ ಸೇರುತ್ತವೆ. ಹಾಗೆಂದು ತಡವಾದವರು ಎದೆಗುಂದಬೇಕಾಗಿಲ್ಲ. ಕಾಯಿದೆ ಬಾಗಿಲನ್ನು ಮುಚ್ಚಿಲ್ಲ, ದಾರಿಯನ್ನು ಮಾತ್ರ ಉದ್ದ ಮಾಡಿದೆ. ಮಗುವಿಗೆ ಐದು ವರ್ಷವಾಗಿದ್ದರೂ ನೋಂದಣಿ ಮಾಡಿಸಬಹುದು, ಮಾಡಿಸಬೇಕು.

ಹೆಸರಿಡುವ ತನಕ ಕಾಯಬೇಕೇ?

ಕಾಯಬೇಕಾಗಿಲ್ಲ. ಕೆಲವು ಮನೆಗಳಲ್ಲಿ ಹನ್ನೊಂದನೆಯ ದಿನ, ಕೆಲವು ಮನೆಗಳಲ್ಲಿ ಮೂರನೆಯ ಅಥವಾ ಐದನೆಯ ತಿಂಗಳು ತೊಟ್ಟಿಲ ಶಾಸ್ತ್ರ ಮಾಡಿ ಹೆಸರಿಡುತ್ತಾರೆ. ದೇವರ ಒಕ್ಕಲಿಗೆ ಹೋಗಿ ಬರುವ ತನಕ ಹೆಸರಿಡದ ಮನೆತನಗಳೂ ಇವೆ. ಆ ಪದ್ಧತಿಗೆ ಕಾಯಿದೆ ಅಡ್ಡ ಬರುವುದಿಲ್ಲ. ಹೆಸರಿನ ಜಾಗವನ್ನು ಖಾಲಿ ಬಿಟ್ಟು ಜನನವನ್ನು ನೋಂದಾಯಿಸಬಹುದು. ನೋಂದಣಿಯಾದ ದಿನದಿಂದ ಹನ್ನೆರಡು ತಿಂಗಳೊಳಗೆ ಹೆಸರನ್ನು ತಿಳಿಸಿದರೆ ಶುಲ್ಕವಿಲ್ಲದೆ ಸೇರಿಸುತ್ತಾರೆ. ಅನಂತರವೂ ಹದಿನೈದು ವರ್ಷಗಳವರೆಗೆ ವಿಳಂಬ ಶುಲ್ಕ ಕೊಟ್ಟು ಸೇರಿಸಲು ಅವಕಾಶವಿದೆ.

ಆದರೆ ಹೆಸರಿಲ್ಲದ ಪ್ರಮಾಣಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬಾರದು. ಹೆಸರಿಟ್ಟ ಮೇಲೆ ಇನ್ನೊಮ್ಮೆ ಹೋಗಿ ಸೇರಿಸಿಕೊಂಡು ಬನ್ನಿ. ಹೆಸರನ್ನು ಬರೆಸುವಾಗ ಮನೆಯಲ್ಲಿ ಕರೆಯುವ ಮುದ್ದಿನ ಹೆಸರನ್ನಲ್ಲ, ಶಾಲೆಯಲ್ಲಿ ಹಾಜರಿ ಕರೆಯುವಾಗ ಕೂಗಬೇಕಾದ ಹೆಸರನ್ನು ಬರೆಸಿ. ಒಮ್ಮೆ ಬರೆಸಿದ ಹೆಸರನ್ನು ಮನಬಂದಂತೆ ಬದಲಿಸಲು ಬರುವುದಿಲ್ಲ. ತಂದೆತಾಯಿಯರ ಹೆಸರನ್ನು ಆಧಾರ್ ಚೀಟಿಯಲ್ಲಿ ಇರುವಂತೆಯೇ ಬರೆಸಿ. ತಾಯಿಗೆ ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು ಹೆಸರು ಇರುವ ಕಡೆ ಈ ಎಚ್ಚರ ಹೆಚ್ಚು ಬೇಕು. ತಂದೆತಾಯಿಯರ ಮತ್ತು ಮಾಹಿತಿದಾರರ ಆಧಾರ್ ಸಂಖ್ಯೆ ಇದ್ದರೆ ಅದನ್ನೂ ಕೇಳುತ್ತಾರೆ.

ನಮೂನೆಯಲ್ಲಿ ಏನೇನು ಕೇಳುತ್ತಾರೆ, ಏಕೆ ಕೇಳುತ್ತಾರೆ?

ಜನನಕ್ಕೆ ನಮೂನೆ 1, ಮರಣಕ್ಕೆ ನಮೂನೆ 2, ನಿರ್ಜೀವ ಜನನಕ್ಕೆ ನಮೂನೆ 3 ಎಂದು ಮೂರು ವರದಿಗಳಿವೆ. ಪ್ರತಿಯೊಂದರಲ್ಲಿಯೂ ಎರಡು ಭಾಗಗಳು. ಮೊದಲನೆಯದು ಕಾನೂನಿನ ಭಾಗ. ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ, ಮಗುವಿನ ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ಸ್ಥಳ ಇವು ಅದರಲ್ಲಿರುತ್ತವೆ. ಪ್ರಮಾಣಪತ್ರ ತಯಾರಾಗುವುದು ಈ ಭಾಗದಿಂದ.

ಎರಡನೆಯದು ಅಂಕಿಅಂಶಗಳ ಭಾಗ. ತಾಯಿಗೆ ಮದುವೆಯಾದಾಗ ಎಷ್ಟು ವಯಸ್ಸು, ಈ ಹೆರಿಗೆಯ ಕಾಲಕ್ಕೆ ಎಷ್ಟು, ಇದು ಎಷ್ಟನೆಯ ಮಗು, ಹೆರಿಗೆ ಮಾಡಿಸಿದವರು ಯಾರು, ಮಗುವಿನ ತೂಕವೆಷ್ಟು, ಎಷ್ಟು ವಾರಗಳ ಬಸಿರು ಎಂದೆಲ್ಲ ಕೇಳುತ್ತಾರೆ. "ಇದೆಲ್ಲ ಇವರಿಗೇಕೆ?" ಎಂದು ಸಂಕೋಚಪಡುವವರಿದ್ದಾರೆ. ಈ ವಿವರಗಳು ಪ್ರಮಾಣಪತ್ರದಲ್ಲಿ ಅಚ್ಚಾಗುವುದಿಲ್ಲ. ಇವನ್ನು ಒಟ್ಟುಗೂಡಿಸಿದಾಗ ಯಾವ ತಾಲ್ಲೂಕಿನಲ್ಲಿ ಹುಡುಗಿಯರು ಎಳೆಯ ವಯಸ್ಸಿನಲ್ಲಿ ತಾಯಂದಿರಾಗುತ್ತಿದ್ದಾರೆ, ಎಲ್ಲಿ ಕಡಿಮೆ ತೂಕದ ಕೂಸುಗಳು ಹೆಚ್ಚಾಗಿ ಹುಟ್ಟುತ್ತಿವೆ, ಎಲ್ಲಿ ಹೆರಿಗೆಗಳು ಇನ್ನೂ ಮನೆಯಲ್ಲಿಯೇ ಆಗುತ್ತಿವೆ ಎಂಬುದು ತಿಳಿಯುತ್ತದೆ. ಎಲ್ಲಿ ದಾದಿ ಬೇಕು, ಎಲ್ಲಿ ವಾಹನ ಬೇಕು ಎಂದು ನಿರ್ಧರಿಸಲು ಇಂಥ ಲೆಕ್ಕವೇ ಆಧಾರ. ತಪ್ಪು ವಯಸ್ಸು ಬರೆಸಿದರೆ ನಿಮ್ಮ ಊರಿನ ನಿಜವಾದ ಅಗತ್ಯ ಮರೆಯಾಗುತ್ತದೆ. ತಾಯಿಯ ವಯಸ್ಸು ಚಿಕ್ಕದೆಂದು ಹೆದರಿ ಮಗುವಿನ ಜನನವನ್ನೇ ಮುಚ್ಚಿಡುವುದಂತೂ ಸಲ್ಲದು. ಹಿರಿಯರು ಮಾಡಿದ ತಪ್ಪಿಗೆ ಕೂಸು ದಾಖಲೆಯಿಲ್ಲದೆ ಬೆಳೆಯಬಾರದು.

ಮಗು ಉಳಿಯದಿದ್ದರೆ?

ಇದು ಕಷ್ಟದ ಮಾತು. ಆದರೂ ಹೇಳಲೇಬೇಕಾದ ಮಾತು. ಹುಟ್ಟಿದ ಮಗು ಒಂದೇ ಒಂದು ಸಲ ಉಸಿರಾಡಿದ್ದರೂ, ಜೀವದ ಯಾವುದೇ ಕುರುಹು ತೋರಿದ್ದರೂ ಕಾಯಿದೆಯ ಪ್ರಕಾರ ಅದು ಸಜೀವ ಜನನ. ಅನಂತರ ಆ ಮಗು ತೀರಿಕೊಂಡರೆ ಜನನ, ಮರಣ ಎರಡನ್ನೂ ನೋಂದಾಯಿಸಬೇಕು. ಬಸಿರು 28 ವಾರ ತುಂಬಿದ ಮೇಲೆ ಜೀವವಿಲ್ಲದ ಶಿಶು ಹುಟ್ಟಿದರೆ ಅದು ನಿರ್ಜೀವ ಜನನ. ಅದನ್ನು ನಮೂನೆ 3ರಲ್ಲಿ ಬೇರೆಯಾಗಿ ತಿಳಿಸಬೇಕು.

ದುಃಖದಲ್ಲಿರುವ ಮನೆಗೆ "ಬರೆಸಿದಿರಾ?" ಎಂದು ಕೇಳುವುದು ಕಠೋರವೆನಿಸಬಹುದು. "ಹೋದದ್ದು ಹೋಯಿತು, ಬರೆಸಿ ಏನು ಫಲ?" ಎಂದು ನೆರೆಯವರು ಹೇಳಲೂಬಹುದು. ಫಲವಿದೆ. ಯಾವ ಊರಿನಲ್ಲಿ ಎಷ್ಟು ಶಿಶುಗಳು ಏಕೆ ಸಾಯುತ್ತಿವೆ ಎಂಬುದು ಬರೆದಿಟ್ಟಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಬರೆಯದ ಸಾವು ಯಾರ ಲೆಕ್ಕಕ್ಕೂ ಸಿಗುವುದಿಲ್ಲ, ಅದನ್ನು ತಡೆಯುವ ಉಪಾಯವನ್ನೂ ಯಾರೂ ಹುಡುಕುವುದಿಲ್ಲ. ಮುಂದಿನ ಬಸಿರಿನಲ್ಲಿ ತಾಯಿಯನ್ನು ಪರೀಕ್ಷಿಸುವ ವೈದ್ಯರಿಗೆ ಹಿಂದಿನ ಹೆರಿಗೆಯ ವಿವರವನ್ನು ಮರೆಮಾಚದೆ ಹೇಳುವುದೂ ಅಷ್ಟೇ ಅಗತ್ಯ. ಇಂಥ ಸಮಯದಲ್ಲಿ ಕಚೇರಿಯ ಕೆಲಸವನ್ನು ತಂದೆ ಅಥವಾ ಮನೆಯ ಇನ್ನೊಬ್ಬರು ವಹಿಸಿಕೊಂಡು, ತಾಯಿಗೆ ವಿಶ್ರಾಂತಿ ಕೊಡಲಿ.

ಮರಣ ನೋಂದಣಿ

ಮರಣಕ್ಕೂ ಅವಧಿ 21 ದಿನ. ತಡವಾದಾಗ ಅನುಸರಿಸಬೇಕಾದ ಕ್ರಮವೂ ಜನನಕ್ಕೆ ಹೇಳಿದಂತೆಯೇ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯವರು, ಮನೆಯಲ್ಲಿ ತೀರಿಕೊಂಡರೆ ಮನೆಯವರು ತಿಳಿಸಬೇಕು. ಇಲ್ಲಿಯೂ ಘಟನೆ ಜರುಗಿದ ಸ್ಥಳವೇ ಮುಖ್ಯ. ಹಳ್ಳಿಯವರು ಚಿಕಿತ್ಸೆಗೆಂದು ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ಅಲ್ಲಿ ತೀರಿಕೊಂಡರೆ, ಶವಸಂಸ್ಕಾರ ಊರಿನಲ್ಲಿ ನಡೆದಿದ್ದರೂ ನೋಂದಣಿ ಆ ನಗರದಲ್ಲಿಯೇ ಆಗುತ್ತದೆ. ಊರಿಗೆ ಹೊರಡುವ ಅವಸರದಲ್ಲಿ ಆಸ್ಪತ್ರೆಯಲ್ಲಿ ಹೆಸರು, ವಿಳಾಸ, ವಯಸ್ಸುಗಳನ್ನು ತಪ್ಪಾಗಿ ಬರೆಸಿ ಬರಬೇಡಿ.

ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ನೀಡಿದ ವೈದ್ಯರು ಸಾವಿನ ಕಾರಣವನ್ನು ತಿಳಿಸುವ ಪತ್ರವನ್ನು ಯಾವ ಶುಲ್ಕವನ್ನೂ ಪಡೆಯದೆ ಕೊಡಬೇಕು. ಆದರೆ ಕಚೇರಿಯಿಂದ ದೊರೆಯುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣವನ್ನು ಬರೆಯುವುದಿಲ್ಲ. "ಕಾಯಿಲೆಯ ಹೆಸರು ಎಲ್ಲರಿಗೂ ತಿಳಿದೀತು" ಎಂಬ ಅಳುಕಿನಿಂದ ನೋಂದಣಿ ಬಿಡಬೇಕಾಗಿಲ್ಲ.

ಈ ಪತ್ರದ ಅಗತ್ಯ ಬೀಳುವುದು ಉಳಿದವರಿಗೆ. ಜಮೀನಿನ ಪೌತಿ ಖಾತೆ ಮಾಡಿಸಲು, ವಿಧವಾ ವೇತನಕ್ಕೆ ಅರ್ಜಿ ಹಾಕಲು, ವಿಮೆಯ ಹಣ ಪಡೆಯಲು, ಬ್ಯಾಂಕಿನ ಖಾತೆಯಲ್ಲಿರುವ ಹಣವನ್ನು ವಾರಸುದಾರರು ತೆಗೆದುಕೊಳ್ಳಲು ಮರಣ ಪ್ರಮಾಣಪತ್ರ ಬೇಕು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಸಲ್ಲಬೇಕಾದ ನೆರವು ಬಹಳ ಸಲ ತಡೆಯುವುದು ಈ ಒಂದು ಕಾಗದ ಇಲ್ಲದ್ದರಿಂದ. ಅಜ್ಜನ ಮರಣವನ್ನು ಬರೆಸದೆ ಬಿಟ್ಟರೆ ಮೊಮ್ಮಕ್ಕಳ ಕಾಲದಲ್ಲಿ ಜಮೀನಿನ ಭಾಗ ಕಗ್ಗಂಟಾಗುತ್ತದೆ. ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂಧುಗಳೆಲ್ಲ ಸೇರಿದಾಗ ಈ ಕೆಲಸವನ್ನು ಒಬ್ಬರಿಗೆ ಒಪ್ಪಿಸಿದರೆ ಅವಧಿಯೊಳಗೆ ಮುಗಿಯುತ್ತದೆ.

ತಪ್ಪು ಬರೆದಿದ್ದರೆ?

ಪ್ರಮಾಣಪತ್ರ ಕೈಗೆ ಬಂದ ಕೂಡಲೇ, ಕಚೇರಿಯ ಮುಂದೆಯೇ ನಿಂತು ಓದಿಸಿ ನೋಡಿ. ದಿನಾಂಕ, ಲಿಂಗ, ಹೆಸರುಗಳು ಸರಿಯಾಗಿವೆಯೇ? ಬರೆಯುವಾಗ ಆದ ಕೈತಪ್ಪನ್ನು ನೋಂದಣಾಧಿಕಾರಿ ವಿಚಾರಿಸಿ ತಿದ್ದಬಹುದು. ವಿಷಯದಲ್ಲಿಯೇ ತಪ್ಪಿದ್ದರೆ, ನಿಜಸಂಗತಿಯನ್ನು ಬಲ್ಲ ಇಬ್ಬರು ನಂಬಿಕಸ್ಥರ ಹೇಳಿಕೆಯೊಡನೆ ಅರ್ಜಿ ಕೊಡಬೇಕು. ಮೂಲ ಬರಹವನ್ನು ಅಳಿಸುವುದಿಲ್ಲ. ಪಕ್ಕದ ಅಂಚಿನಲ್ಲಿ ಸರಿಯಾದುದನ್ನು ಬರೆದು ಸಹಿ ಮತ್ತು ದಿನಾಂಕ ಹಾಕುತ್ತಾರೆ. ನೀವೇ ಪೆನ್ನು ಹಿಡಿದು ಪ್ರಮಾಣಪತ್ರವನ್ನು ತಿದ್ದಬೇಡಿ. ತಿದ್ದಿದ ಪತ್ರಕ್ಕೆ ಬೆಲೆಯಿಲ್ಲ, ತೊಂದರೆಯೂ ತಪ್ಪದು.

ಸಕಾರಣವಿಲ್ಲದೆ ಮಾಹಿತಿ ಕೊಡದಿರುವುದು ಮತ್ತು ತಿಳಿದೂ ಸುಳ್ಳು ಮಾಹಿತಿ ಕೊಡುವುದು ಶಿಕ್ಷಾರ್ಹ. ಸಾಮಾನ್ಯ ಜನರಿಗೆ ರೂ. 250ರವರೆಗೆ ದಂಡ ವಿಧಿಸಬಹುದು. ಶಾಲೆಗೆ ಬೇಗ ಸೇರಿಸಬೇಕೆಂದೋ ಮದುವೆಗೆ ಅನುಕೂಲವಾಗಲೆಂದೋ ದಿನಾಂಕವನ್ನು ಹಿಂದುಮುಂದು ಮಾಡಬೇಡಿ. ಲಸಿಕೆಯ ಲೆಕ್ಕವೂ ಹುಟ್ಟಿದ ದಿನಾಂಕವನ್ನೇ ಹಿಡಿದು ನಡೆಯುತ್ತದೆ. ಹುಟ್ಟಿದಾಗ ಬಿ.ಸಿ.ಜಿ. ಮತ್ತು ಪೋಲಿಯೋ, ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಮುಂದಿನ ಲಸಿಕೆಗಳು, ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆ ಹೀಗೆ ಅವು ಬರುತ್ತವೆ.

ನೋಂದಣಾಧಿಕಾರಿಯ ಕ್ರಮ ನ್ಯಾಯವಲ್ಲವೆಂದು ನಿಮಗೆ ತೋರಿದರೆ 30 ದಿನಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅವರ ತೀರ್ಮಾನವೂ ಸರಿಯೆನಿಸದಿದ್ದರೆ ಮುಖ್ಯ ನೋಂದಣಾಧಿಕಾರಿಯವರಿದ್ದಾರೆ. ಮನವಿಯನ್ನು 90 ದಿನಗಳೊಳಗೆ ತೀರ್ಮಾನಿಸಬೇಕೆಂದು ಕಾಯಿದೆ ಹೇಳುತ್ತದೆ. ಕಾಯಿದೆ ನಿಮಗೆ ಕರ್ತವ್ಯವನ್ನು ವಿಧಿಸಿರುವಂತೆಯೇ ಹಕ್ಕನ್ನೂ ಕೊಟ್ಟಿದೆ.

ಎರಡು ಎಚ್ಚರಿಕೆಯ ಮಾತುಗಳು

ತಾಯಿ ಕಾರ್ಡ್ ಮತ್ತು ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಚೀಟಿ ಜನನ ಪ್ರಮಾಣಪತ್ರಗಳಲ್ಲ. ಅವು ನೋಂದಣಿಗೆ ಸಹಾಯಕವಾದ ಕಾಗದಗಳು ಮಾತ್ರ. ಅವನ್ನು ಜೋಪಾನವಾಗಿಡಿ, ಆದರೆ ಅವುಗಳಿಂದಲೇ ಕೆಲಸ ಮುಗಿಯಿತೆಂದು ತಿಳಿಯಬೇಡಿ.

ಎರಡನೆಯದಾಗಿ, ಅವಧಿಯೊಳಗೆ ಮಾಡುವ ನೋಂದಣಿ ಉಚಿತ. ನಡುವೆ ಬಂದು "ನಾನು ಮಾಡಿಸಿಕೊಡುತ್ತೇನೆ" ಎಂದು ಹಣ ಕೇಳುವವರನ್ನು ನಂಬಬೇಡಿ. ಈಗ ನಮ್ಮ ರಾಜ್ಯದಲ್ಲಿ ನೋಂದಣಿಯು "ಇ-ಜನ್ಮ" ಎಂಬ ಗಣಕಯಂತ್ರ ವ್ಯವಸ್ಥೆಯ ಮೂಲಕ ನಡೆಯುತ್ತದೆ. ಆದುದರಿಂದ ಪತ್ರ ಕಳೆದುಹೋದರೂ ಹೆದರಬೇಕಾಗಿಲ್ಲ. ಕಡತದಲ್ಲಿ ಹುಡುಕಿಸಿ, ನಿಗದಿಯಾದ ಶುಲ್ಕ ಕೊಟ್ಟು ಇನ್ನೊಂದು ಪ್ರತಿಯನ್ನು ಪಡೆಯಬಹುದು.

ಪಾಠದ ಸಾರಾಂಶ

1. ಜನನ, ಮರಣ, ನಿರ್ಜೀವ ಜನನ ಮೂರನ್ನೂ 21 ದಿನಗಳೊಳಗೆ ನೋಂದಾಯಿಸಬೇಕು.
2. ಘಟನೆ ಜರುಗಿದ ಸ್ಥಳದಲ್ಲಿಯೇ ನೋಂದಣಿ. ತವರಿನಲ್ಲಿ ಹೆರಿಗೆಯಾದರೆ ತವರಿನ ಕಡೆಯೇ ನೋಂದಣಿ.
3. ಆಸ್ಪತ್ರೆಯಲ್ಲಾದರೆ ವರದಿ ಮಾಡುವ ಹೊಣೆ ಆಸ್ಪತ್ರೆಯವರದು, ಮನೆಯಲ್ಲಾದರೆ ಮನೆಯವರದು.
4. ಹೆಸರಿಡುವವರೆಗೆ ಕಾಯಬೇಡಿ, ಹನ್ನೆರಡು ತಿಂಗಳೊಳಗೆ ಹೆಸರು ಸೇರಿಸಲು ಮರೆಯಬೇಡಿ.
5. ತಡವಾಗಿದ್ದರೂ ನೋಂದಣಿ ಸಾಧ್ಯ. ತಡ ಮಾಡಿದಷ್ಟೂ ದಾರಿ ಉದ್ದ.
6. ಪತ್ರವನ್ನು ಪಡೆದ ಕೂಡಲೇ ಓದಿ ನೋಡಿ, ತಪ್ಪಿದ್ದರೆ ಆಗಲೇ ಹೇಳಿ.

ನೀವೇ ಉತ್ತರಿಸಿ

1. ನಿಮ್ಮ ಊರಿನ ನೋಂದಣಾಧಿಕಾರಿ ಯಾರು? ಅವರು ಯಾವ ದಿನ ಎಲ್ಲಿ ದೊರೆಯುತ್ತಾರೆ?
2. ನಿಮ್ಮ ಪ್ರತಿಯೊಂದು ಮಗುವಿನ ಜನನ ಪ್ರಮಾಣಪತ್ರ ಮನೆಯಲ್ಲಿದೆಯೇ? ಅದರಲ್ಲಿ ಮಗುವಿನ ಹೆಸರು ಸೇರಿದೆಯೇ?
3. ನಿಮ್ಮ ಮನೆಯಲ್ಲಿ ತೀರಿಕೊಂಡ ಹಿರಿಯರ ಮರಣ ನೋಂದಣಿಯಾಗಿದೆಯೇ?

ಎರಡನೆಯ ಅಥವಾ ಮೂರನೆಯ ಪ್ರಶ್ನೆಗೆ ನಿಮ್ಮ ಉತ್ತರ "ಇಲ್ಲ" ಎಂದಾಗಿದ್ದರೆ ಸುಗ್ಗಿ ಮುಗಿಯಲಿ, ಹಬ್ಬ ಕಳೆಯಲಿ ಎಂದು ಮುಂದೂಡಬೇಡಿ. ಬರುವ ಸಂತೆಯ ದಿನ ಪೇಟೆಗೆ ಹೋದಾಗ ಗಂಡಹೆಂಡಿರಿಬ್ಬರೂ ಕೂಡಿ ಕಚೇರಿಗೂ ಒಮ್ಮೆ ಹೋಗಿ ಬನ್ನಿ. ಮಕ್ಕಳಿಗೆ ನೀವು ಬಿಟ್ಟುಹೋಗುವ ಹೊಲಮನೆಯಷ್ಟೇ ಈ ಒಂದು ಹಾಳೆಯೂ ಅವರಿಗೆ ಆಸರೆಯಾಗುತ್ತದೆ.